ಕಲ್ಲಿನಾಚೆಗೆ ಹೊತ್ತ ನೀರು

“ಮೇಷ್ಟ್ರೇ, ಸಭೆಯ ಮಾತು ಒಂದು ಕಡೆಗೆ, ನನ್ನ ಮನಸ್ಸಾಕ್ಷಿ ಇನ್ನೊಂದು ಕಡೆಗೆ ಎಳೆದರೆ ನಾನು ಯಾವುದನ್ನು ಕೇಳಬೇಕು?”

ಭಾನುವಾರದ ಪಾಠ ಮುಗಿದಿತ್ತು. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯವರು ಬಾಡಿಗೆಗೆ ಹಿಡಿದಿದ್ದ ಮಹಡಿಯ ಕೋಣೆಯಲ್ಲಿ ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿದ್ದರು. ಎರಡು ಮಾತ್ರ ಉಳಿದಿದ್ದವು. ಒಂದರಲ್ಲಿ ಸತ್ಯಮಿತ್ರ ಮೇಷ್ಟ್ರು ಕುಳಿತಿದ್ದರು, ಇನ್ನೊಂದರಲ್ಲಿ ದೀನಮ್ಮ. ಏಳನೆಯ ತರಗತಿಯಲ್ಲಿ ಅವಳಿಗೆ ಗಣಿತ ಕಲಿಸಿದವರು ಅವರೇ. ನಲವತ್ತು ವರ್ಷಗಳ ಮೇಲೆ ಈಗ ಸಭೆಯಲ್ಲಿ ಧರ್ಮಗ್ರಂಥ ಕಲಿಸುವವರೂ ಅವರೇ.

“ಪ್ರಶ್ನೆ ಬಹಳ ದೊಡ್ಡದಾಯಿತು” ಎಂದರು ಮೇಷ್ಟ್ರು. “ನಿನ್ನ ಅಳತೆಗೆ ಕತ್ತರಿಸಿ ಹೇಳು.”

ದೀನಮ್ಮ ಹೇಳಿದಳು. ಮಗಳು ಹೆಪ್ಸಿ ಮೈಸೂರಿನಲ್ಲಿ ನರ್ಸ್. ಆರು ವರ್ಷಗಳಿಂದ ವಾರಿಜಾ ಎಂಬ ಹುಡುಗಿಯ ಜೊತೆ ಬಾಳುತ್ತಿದ್ದಾಳೆ. ಮುಂದಿನ ತಿಂಗಳು ಇಬ್ಬರೂ ಮದುವೆಯಾಗುತ್ತಾರಂತೆ. ಸರ್ಕಾರದ ಪುಸ್ತಕದಲ್ಲಿ ಬರೆಯುವ ಮದುವೆಯಲ್ಲ. ಬೇಕಾದವರ ಮುಂದೆ ಉಂಗುರ ಬದಲಿಸಿಕೊಂಡು ಊಟ ಹಾಕಿಸುತ್ತಾರೆ, ಅಷ್ಟೆ. ಊಟಕ್ಕೆ ಮೊದಲು ಪ್ರಾರ್ಥನೆಯನ್ನು ನೀನೇ ಮಾಡಬೇಕಮ್ಮ ಎಂದು ಹೆಪ್ಸಿ ಕೇಳಿದ್ದಾಳೆ.

ಮದುವೆ ಎಂದರೆ ಗಂಡು ಹೆಣ್ಣಿನದು ಮಾತ್ರ ಎಂಬುದು ಸಭೆಯ ಬೋಧನೆ. ಅದನ್ನು ದೀನಮ್ಮ ಬಲ್ಲಳು. ಸಭೆಯ ಮಕ್ಕಳಿಗೆ ಹಾಡು ಕಲಿಸುವ ಸೇವೆ ಅವಳದು. ಕುಟುಂಬದ ಹಾಡುಗಳನ್ನು ಅವಳೇ ಹೇಳಿಕೊಟ್ಟಿದ್ದಾಳೆ. ಅದರ ಮೇಲೆ ಇನ್ನೊಂದಿತ್ತು. ಅವಳ ಗಂಡ ತೀರಿಕೊಂಡು ಮೂರು ವರ್ಷ. ಒಬ್ಬರು ತೀರಿಕೊಂಡ ಮೇಲೂ ಸಭೆಯ ಪವಿತ್ರಾಲಯಕ್ಕೆ ಹೋಗಿ ವಿಧಿ ಮುಗಿಸಿಕೊಂಡರೆ ಗಂಡ ಹೆಂಡಿರ ಸಂಬಂಧ ಸಾವಿನಾಚೆಗೂ ನಿಲ್ಲುತ್ತದೆ ಎಂದು ಅವರು ನಂಬುತ್ತಾರೆ. ಆ ಪವಿತ್ರಾಲಯ ಸಮುದ್ರದಾಚೆಯ ದೇಶದಲ್ಲಿತ್ತು. ಈ ವರ್ಷ ಅಲ್ಲಿಗೆ ಹೋಗುವ ಗುಂಪಿನಲ್ಲಿ ಅವಳ ಹೆಸರೂ ಇತ್ತು. ಆದರೆ ಒಳಗೆ ಕಾಲಿಡಲು ಒಂದು ಚೀಟಿ ಬೇಕು. ಚೀಟಿ ಕೊಡುವ ಮೊದಲು ಹಿರಿಯರು ಎದುರು ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳುತ್ತಾರೆ. ಸಭೆಯ ಬೋಧನೆಗೆ ವಿರೋಧವಾದದ್ದನ್ನು ಬೆಂಬಲಿಸುತ್ತೀಯಾ ಎಂಬುದು ಅವುಗಳಲ್ಲಿ ಒಂದು.

“ಸಭಾಧ್ಯಕ್ಷರನ್ನು ಕೇಳಿದೆಯಾ?”

“ಕೇಳಿದೆ. ಹೋಗಿ ಎಂದೂ ಹೇಳಲಾರೆ, ಹೋಗಬೇಡಿ ಎಂದೂ ಹೇಳಲಾರೆ, ಪ್ರಾರ್ಥನೆ ಮಾಡಿ ಸಹೋದರಿ ಅಂದರು. ಮಾಡಿದೆ. ಮಂಡಿ ಸವೆಯಿತೇ ಹೊರತು ಬೇರೇನೂ ಆಗಲಿಲ್ಲ.”

“ನಿನ್ನ ಮನಸ್ಸು ಏನನ್ನುತ್ತದೆ?”

“ಹೋಗು ಅನ್ನುತ್ತದೆ. ಅದು ದೇವರ ಮಾತೋ ಹೆತ್ತ ಹೊಟ್ಟೆಯ ಮಾತೋ ತಿಳಿಯುವುದಿಲ್ಲ.” ಅವಳು ದನಿ ತಗ್ಗಿಸಿದಳು. “ಡಾಕ್ಟರಿಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿ ಮೈಸೂರಿಗೆ ಹೋಗಿ ಬಂದುಬಿಡಲೇ?”

“ಹಲ್ಲು ನೋವಿದೆಯಾ?”

“ಇಲ್ಲ.”

ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ದೀನಮ್ಮನಿಗೆ ಇದು ಗೊತ್ತಿತ್ತು. ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸದೆ ಬಾಯಲ್ಲಿ ಹೇಳಿ ತೋರಿಸುವ ದಿನ ಅವರು ಹೀಗೇ ಮಾಡುತ್ತಿದ್ದರು.

“ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ” ಎಂದು ಅವರು ಶುರು ಮಾಡಿದರು.

ಕೆರೆಯ ತೂಬು ತೆಗೆದು ಮುಚ್ಚುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಹಂಚುವುದು ಅವನ ಕೆಲಸ. ಊರಿನ ಹಿರಿಯರು ಅವನ ಕೈಗೆ ಒಂದು ಗುದ್ದಲಿ ಕೊಟ್ಟಿದ್ದರು. ಕಾಲುವೆಯ ಬಾಯಿ ಕಡಿಯಲು, ಕಟ್ಟಲು ಅದೇ ಗುದ್ದಲಿ. ಬೇರೆ ಯಾರೂ ಕಾಲುವೆಗೆ ಗುದ್ದಲಿ ಹಾಕುವಂತಿರಲಿಲ್ಲ. ಅವನ ಅಪ್ಪ ಅದನ್ನು ಹಿಡಿದಿದ್ದ, ಅಜ್ಜ ಹಿಡಿದಿದ್ದ. ಅವನ ಕೈಯಿಂದ ಒಬ್ಬರಿಗೂ ಒಂದು ಗಳಿಗೆಯ ನೀರು ಹೆಚ್ಚು ಹೋಗಿರಲಿಲ್ಲ, ಕಡಿಮೆಯೂ ಹೋಗಿರಲಿಲ್ಲ.

ಕಾಲುವೆಯ ಕೊನೆಗೆ ಒಂದು ಕಲ್ಲು ನೆಟ್ಟಿತ್ತು. ಕೆರೆ ಕಟ್ಟಿದವರು ನೆಟ್ಟದ್ದು. ಆ ಕಲ್ಲಿನಾಚೆಗೆ ಕೆರೆಯ ನೀರು ಹರಿಯಕೂಡದು ಎಂಬುದು ಕಟ್ಟಳೆ. ಯಾಕೆ ಎಂದು ಕೇಳಿದರೆ, ಹಿಂದೊಮ್ಮೆ ಹರಿಸಿದಾಗ ಏರಿ ಒಡೆದಿತ್ತು ಎನ್ನುತ್ತಿದ್ದರು. ಒಡೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಕಲ್ಲನ್ನು ಎಲ್ಲರೂ ಮನ್ನಿಸುತ್ತಿದ್ದರು, ನೀರುಗಂಟಿಯೂ ಮನ್ನಿಸುತ್ತಿದ್ದ.

ಅವನಿಗೆ ಒಬ್ಬಳು ಮಗಳು. ಅವಳು ಕಲ್ಲಿನಾಚೆ ಭೂಮಿ ಮಾಡಿದಳು. ಬೇಡ ಎಂದು ಊರೇ ಹೇಳಿತು. ಅದು ನನ್ನ ಭೂಮಿ, ನನ್ನ ಕಾಲು ಅಲ್ಲೇ ಊರುತ್ತದೆ ಎಂದಳು. ಆ ವರ್ಷ ಬತ್ತದ ಸಸಿಮಡಿ ಹಾಕಿದ ಮೇಲೆ ಮಳೆ ಹಿಂದೆ ಸರಿಯಿತು. ಸಸಿಯ ತುದಿ ಹಳದಿಯಾಯಿತು. ಮಗಳು ಅಪ್ಪನ ಬಳಿಗೆ ಬಂದಳು. ನೀರು ಬಿಡು ಎಂದು ಕೇಳಲಿಲ್ಲ. “ಒಂದು ಸಲ ಬಂದು ನೋಡಿ ಹೋಗಪ್ಪ” ಎಂದಳು.

ಅವನು ಹೋಗಿ ನೋಡಿದ. ನೋಡಿ ಮನೆಗೆ ಬಂದು ಗುದ್ದಲಿಯನ್ನು ಮೂಲೆಗಿಟ್ಟು ಕುಳಿತ. ಹೆಂಡತಿ ಅನ್ನ ಬಡಿಸುತ್ತ ಹೇಳಿದಳು: “ಊರಿಗೆಲ್ಲ ನೀರು ಬಿಡುವ ಕೈ ನಿಮ್ಮದು. ನನ್ನ ಮಗಳ ಮಡಿಯ ಹತ್ತಿರ ಬಂದಾಗ ಮಾತ್ರ ಅದಕ್ಕೆ ಲಕ್ವ ಹೊಡೆಯುತ್ತದೋ?”

ಅವನು ಊಟ ಮುಗಿಸದೆ ಎದ್ದ.

ಮಾರನೆಯ ದಿನ ಇಬ್ಬರು ಸ್ನೇಹಿತರು ಬುದ್ಧಿ ಹೇಳಿದರು. ಕಾಲುವೆಯ ಕೊನೆಯ ಬಾಯಿಗೆ ಎರಡು ಹಿಡಿ ಮಣ್ಣು ಕಡಿಮೆ ಹಾಕು, ನೀರು ತಾನೇ ಜಿನುಗಿಕೊಂಡು ಹೋಗುತ್ತದೆ, ಬಗ್ಗಿ ನೋಡುವವರು ಯಾರು ಎಂದ ಒಬ್ಬ. ಇಂಥ ಊರಿನ ಗುದ್ದಲಿಯನ್ನು ಹಿರಿಯರ ಮುಖದ ಮೇಲೆ ಎಸೆದು ಮಗಳ ಮನೆಗೆ ಹೋಗು ಎಂದ ಇನ್ನೊಬ್ಬ. ನೀರುಗಂಟಿ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ನೀರು ಜಿನುಗಲು ಬಿಟ್ಟರೆ ಕೊನೆಯ ಗದ್ದೆಯ ಮುದುಕಿಗೆ ಅಷ್ಟು ನೀರು ತಪ್ಪುತ್ತದೆ. ಗುದ್ದಲಿ ಎಸೆದರೆ ನಾಳೆ ಬೆಳಿಗ್ಗೆ ತೂಬು ತೆಗೆಯುವವರಿಲ್ಲ. ಸುಮ್ಮನೆ ಕುಳಿತರೆ ಸಸಿ ಸಾಯುತ್ತದೆ.

ಅವನು ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ ಅವನ ಸ್ವಂತ ಗದ್ದೆಯ ಸರದಿ ಬಂತು. ಎಲ್ಲರಂತೆ ಅವನಿಗೂ ಎಂಟು ದಿನಕ್ಕೆ ಒಂದು ಸರದಿ. ಬೆಳಿಗ್ಗೆ ತೂಬು ತೆಗೆದ, ತನ್ನ ಗದ್ದೆಗೆ ನೀರು ತಿರುಗಿಸಿದ. ಆಮೇಲೆ ಅಡ್ಡೆಗೆ ಎರಡು ಬಿಂದಿಗೆ ಕಟ್ಟಿ ಹೆಗಲ ಮೇಲೆ ಇಟ್ಟುಕೊಂಡ. ತನ್ನ ಗದ್ದೆಗೆ ಬಂದ ನೀರನ್ನು ತುಂಬಿ, ಕಾಲುವೆಯ ದಂಡೆಯ ಮೇಲೆ ನಡೆದು, ಕಲ್ಲು ದಾಟಿ, ಮಗಳ ಸಸಿಮಡಿಗೆ ಹೊಯ್ದ. ತಿರುಗಿ ಬಂದ, ಮತ್ತೆ ತುಂಬಿದ. ಗದ್ದೆಯಲ್ಲಿದ್ದವರೆಲ್ಲ ನೋಡಿದರು. ದಾರಿಯಲ್ಲಿ ಎದುರಾದ ಹಿರಿಯರಿಗೆ ಅಡ್ಡೆ ಇಳಿಸಿ ನಮಸ್ಕಾರ ಹೇಳಿದ, ಮತ್ತೆ ಎತ್ತಿಕೊಂಡ. ಸಂಜೆಯ ಹೊತ್ತಿಗೆ ಹೆಗಲು ಸುಲಿದಿತ್ತು. ಅವನ ಸ್ವಂತ ಗದ್ದೆಯ ಮೇಲರ್ಧ ಅಂದು ಒದ್ದೆಯಾಗಲಿಲ್ಲ.

ಹಿರಿಯರು ಅವನನ್ನು ಕರೆಸಿದರು.

“ನೀನು ಕಲ್ಲನ್ನು ಕಿತ್ತಂತಾಯಿತು” ಎಂದರು.

“ಕಲ್ಲು ಇದ್ದಲ್ಲೇ ಇದೆ, ಹೋಗಿ ನೋಡಿ. ಅದನ್ನು ದಾಟಿ ಹೋದವನು ನಾನು.”

“ಗುದ್ದಲಿ ಹಿಡಿದವನೇ ಆಚೆಗೆ ನೀರು ಹೊತ್ತರೆ ಉಳಿದವರು ಕಟ್ಟಳೆಯನ್ನು ಯಾಕೆ ಕೇಳುತ್ತಾರೆ?”

“ಗುದ್ದಲಿಯಿಂದ ಒಂದು ಹನಿಯನ್ನೂ ಆಚೆಗೆ ಬಿಟ್ಟಿಲ್ಲ. ಹೊತ್ತದ್ದು ನನ್ನ ಸರದಿಯ ನೀರು, ನನ್ನ ಹೆಗಲ ಮೇಲೆ.”

“ಹಾಗಾದರೆ ಕಲ್ಲು ನೆಟ್ಟವರು ತಪ್ಪು ಮಾಡಿದರು ಅನ್ನುತ್ತೀಯೋ?”

ನೀರುಗಂಟಿ ಹೇಳಿದ: “ಅವರಿಗೆ ಗೊತ್ತಿದ್ದದ್ದೆಲ್ಲ ನನಗೆ ಗೊತ್ತಿಲ್ಲ. ಅದನ್ನು ಕೇಳಬೇಕಾದಾಗ ಇಲ್ಲಿಗೇ ಬಂದು ನಿಮ್ಮೆದುರು ಕೇಳುತ್ತೇನೆ. ಒಣಗುತ್ತಿದ್ದ ಸಸಿ ನನ್ನ ಮಗಳದು ಎಂಬುದು ಮಾತ್ರ ನನಗೆ ಗೊತ್ತು. ನೀವು ಗುದ್ದಲಿ ತಿರುಗಿ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ. ನಾನಾಗಿ ಎಸೆಯುವುದಿಲ್ಲ.”

ಅವನು ಗುದ್ದಲಿಯನ್ನು ಅವರ ಮುಂದೆ ಇಟ್ಟ. ಹಿರಿಯರಲ್ಲಿ ಎರಡು ಮಾತಾಯಿತು. ಕೊನೆಗೆ ಆ ವರ್ಷದ ಮಟ್ಟಿಗೆ ಗುದ್ದಲಿ ಬೇರೊಬ್ಬನ ಕೈಗೆ ಹೋಯಿತು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ದೀನಮ್ಮ ಕಾದಳು.

“ಮುಂದೆ?”

“ಹೊಸಬನಿಗೆ ಕಾಲುವೆಯಲ್ಲಿ ಏಡಿಗಳು ಎಲ್ಲೆಲ್ಲಿ ಬಿಲ ತೋಡುತ್ತವೆ ಎಂದು ಗೊತ್ತಿರಲಿಲ್ಲ. ಬಿಲದಿಂದ ನೀರು ಸೋರುತ್ತಿತ್ತು. ಹಳಬ ದಿನವೂ ಬೆಳಿಗ್ಗೆ ಅವನ ಜೊತೆ ದಂಡೆಯ ಮೇಲೆ ನಡೆದು ಒಂದೊಂದು ಬಿಲವನ್ನೂ ತೋರಿಸಿದ. ತನ್ನ ಸರದಿಯ ದಿನ ಬಂದರೆ ಅಡ್ಡೆ ಎತ್ತಿಕೊಂಡ. ಮಗಳು ನಾಟಿ ಮಾಡಿದಳು.”

“ಆದರೂ ಅವನು ಕಳೆದುಕೊಂಡನಲ್ಲ ಮೇಷ್ಟ್ರೇ.”

“ಗುದ್ದಲಿ ಕಳೆದುಕೊಂಡ.”

“ಕಲ್ಲನ್ನು ಆಮೇಲೆ ಸರಿಸಿದರೇ?”

“ಕತೆಯಲ್ಲಿ ಅದು ಇಲ್ಲ.”

ದೀನಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಚೀಟಿಯನ್ನು ಕೊಡುವುದು ಬಿಡುವುದು ಹಿರಿಯರದು. ಮಕ್ಕಳ ಹಾಡಿನ ಸೇವೆ ಕೊಟ್ಟವರೂ ಅವರೇ, ತಿರುಗಿ ಪಡೆಯುವವರೂ ಅವರೇ. ಮದುವೆಯ ಅರ್ಥವನ್ನು ಬರೆಯುವುದು ತನ್ನ ಕೆಲಸವಲ್ಲ, ಅಳಿಸುವುದೂ ಅಲ್ಲ. ಆದರೆ ಮೈಸೂರಿನ ಬಸ್ಸು ಹತ್ತುವ ಕಾಲು ತನ್ನದು. ಅನ್ನದ ಮುಂದೆ ನಿಂತು ಪ್ರಾರ್ಥನೆ ಮಾಡುವ ಬಾಯಿ ತನ್ನದು. ಒಂದೊಂದಾಗಿ ಬೇರೆ ಇಟ್ಟು ನೋಡಿದರೆ ಲೆಕ್ಕ ಅಷ್ಟು ಕಷ್ಟವಿರಲಿಲ್ಲ. ಇಷ್ಟು ದಿನ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೊತ್ತಿದ್ದಳು.

ಆದರೂ ಒಂದು ಉಳಿದಿತ್ತು.

“ಚೀಟಿ ಸಿಗದೆ ಹೋದರೆ ನಮ್ಮ ಯಜಮಾನರು ಅಲ್ಲಿ ಒಬ್ಬರೇ ಇರಬೇಕಲ್ಲ ಮೇಷ್ಟ್ರೇ.”

“ಕಾದು ಅಭ್ಯಾಸ ಇತ್ತೇ ಅವನಿಗೆ?”

ದೀನಮ್ಮನಿಗೆ ನಗು ಬಂತು. ಕಣ್ಣೂ ತುಂಬಿತು. “ನಾನು ಸೀರೆ ಉಟ್ಟು ಮುಗಿಸುವ ತನಕ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿರುತ್ತಿದ್ದರು. ಒಂದು ದಿನವೂ ಕೂಗಿ ಕರೆದವರಲ್ಲ. ಹೆಪ್ಸಿ ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಹದಿನಾಲ್ಕು ಗಂಟೆ ಕೂತಿದ್ದರು.”

ಅಷ್ಟು ಹೇಳಿದ ಮೇಲೆ ಅವಳಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಮಗಳನ್ನು ನೋಡಲು ಹದಿನಾಲ್ಕು ಗಂಟೆ ಕೂತವರು ಮಗಳ ಕಾರಣಕ್ಕೆ ಇನ್ನಷ್ಟು ಕಾಲ ಕಾಯುತ್ತಾರೆ. ಇದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

“ಈಗಲೇ ಕೆಳಗೆ ಹೋಗಿ ಅಧ್ಯಕ್ಷರಿಗೆ ಹೇಳಿಬಿಡುತ್ತೇನೆ” ಎಂದಳು. “ಹೋಗುತ್ತಿದ್ದೇನೆ, ಪ್ರಾರ್ಥನೆಯನ್ನೂ ಮಾಡುತ್ತೇನೆ ಎಂದು. ಚೀಟಿಯ ಸಂದರ್ಶನದಲ್ಲಿ ಕೇಳಿದರೆ ಅಲ್ಲಿಯೂ ಇದನ್ನೇ ಹೇಳುತ್ತೇನೆ. ಮುಂದಿನ ಭಾನುವಾರ ಮಕ್ಕಳಿಗೆ ಹಾಡು ಕಲಿಸಲು ಬಂದಿರುತ್ತೇನೆ. ಬೇಡ ಅಂದರೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ.”

“ಹಿಂದಿನ ಸಾಲಿನ ಫ್ಯಾನು ಕೆಟ್ಟಿದೆ” ಎಂದರು ಮೇಷ್ಟ್ರು.

“ಬೀಸಣಿಗೆ ತರುತ್ತೇನೆ.”

ಅವಳು ಎದ್ದು ತನ್ನ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದಳು. ಮಹಡಿಯ ಮೆಟ್ಟಿಲ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಮೇಷ್ಟ್ರ ಮಾತಿನಲ್ಲಿ ಎಲ್ಲಿಯೂ ತಡವರಿಕೆ ಇರಲಿಲ್ಲ. ಈ ದಾರಿಯಲ್ಲಿ ಹಿಂದೆಯೇ ನಡೆದು ಬಂದವರ ಹಾಗೆ ಹೇಳಿದ್ದರು. ಅವರಿಗೆ ಒಬ್ಬ ಮಗನಿದ್ದಾನೆ, ದೂರದ ಊರಿನಲ್ಲಿ ಯಾವನೋ ಗೆಳೆಯನ ಜೊತೆ ಇದ್ದಾನೆ ಎಂದು ಸಭೆಯಲ್ಲಿ ಒಬ್ಬಿಬ್ಬರು ಆಡಿಕೊಂಡದ್ದನ್ನು ಅವಳು ಕೇಳಿದ್ದಳು. ಅವನು ಊರಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

“ಮೇಷ್ಟ್ರೇ, ನಿಮ್ಮನ್ನೂ ಹಿರಿಯರು ಹೀಗೆ ಕರೆಸಿ ಕೇಳಿದ್ದರೇ?”

ಸತ್ಯಮಿತ್ರ ಮೇಷ್ಟ್ರು ಕನ್ನಡಕವನ್ನು ಹಾಕಿಕೊಂಡರು.

“ನನ್ನ ಮಗನಿಗೆ ನಾನು ಒಂದು ಬಿಂದಿಗೆಯನ್ನೂ ಹೊರಲಿಲ್ಲ, ದೀನಮ್ಮ. ಅದಕ್ಕೇ ಹಿರಿಯರು ನನ್ನನ್ನು ಏನೂ ಕೇಳಲಿಲ್ಲ.”