ಕಾಜಾಣ ಮೊದಲು ಒಡೆದ ಬಿಲ್ಲೆ

ಮಾರ್ಗಶಿರದ ಹತ್ತನೆಯ ದಿನ. ಬೆಳಗಿನಿಂದ ಮಂಜು ಕವಿದಿತ್ತು, ಗಾಳಿ ಇರಲಿಲ್ಲ. ಒಂದು ಕಾಡಿನಲ್ಲಿ ಕೆಂಪಿ ಎಂಬ ಅಳಿಲು ತನ್ನ ತಾಯಿಯ ದನಿ ಕೇಳಲು ಹೊರಟಿದ್ದಳು. ತಾಯಿ ಸತ್ತು ಅಂದಿಗೆ ಮೂರು ವರ್ಷ.

ಆ ಕಾಡಿನಲ್ಲೊಂದು ಪದ್ಧತಿ. ಪ್ರತಿ ಪ್ರಾಣಿಯೂ ಬದುಕಿನಲ್ಲಿ ಒಮ್ಮೆ ಮುಳ್ಳುಹಂದಿಯ ಗವಿಗೆ ಹೋಗಿ ದನಿ ಕೊಟ್ಟು ಬರಬೇಕು. ಎಲ್ಲರೂ ಅವನನ್ನು ಮುಳ್ಳಜ್ಜ ಎನ್ನುತ್ತಿದ್ದರು. ಅವನು ದುಂಡನೆಯ ತೊಗಟೆಗೆ ಅರಗು ಬಳಿದು ಬಿಲ್ಲೆ ಮಾಡಿ, ಪ್ರಾಣಿ ಮಾತನಾಡುವಾಗ ತನ್ನದೊಂದು ಮುಳ್ಳನ್ನು ಅದರ ಮೇಲೆ ಸುತ್ತ ಓಡಿಸುತ್ತಿದ್ದ. ದನಿಯ ನಡುಕವೆಲ್ಲ ಅಂಚಿನಿಂದ ನಡುವಿನವರೆಗೆ ಗೆರೆಯಾಗಿ ಬೀಳುತ್ತಿತ್ತು. ಅರಗು ಆರಿದ ಮೇಲೆ ಅದೇ ಗೆರೆಯಲ್ಲಿ ಮುಳ್ಳು ಓಡಿಸಿದರೆ ಅದೇ ಮಾತು ಕೇಳಿಸುತ್ತಿತ್ತು. ಆದರೆ ಓಡಿಸಿದಷ್ಟೂ ಗೆರೆ ಸವೆಯುತ್ತಿತ್ತು. ಹಾಗಾಗಿ ಸತ್ತವರ ಬಿಲ್ಲೆಯನ್ನು ವರ್ಷಕ್ಕೆ ಒಂದೇ ಸಲ ಕೇಳುತ್ತಿದ್ದರು.

ಕೆಂಪಿ ಗವಿಗೆ ಬಂದಾಗ ಮುಳ್ಳಜ್ಜ ಅವಳ ತಾಯಿಯ ಬಿಲ್ಲೆಯ ಮೇಲೆ ಮುಳ್ಳು ಓಡಿಸಿದ. ಮೊದಲು ಕರಕರ ಸದ್ದು. ಆಮೇಲೆ ಅಮ್ಮ.

"ಕೆಂಪೀ, ಹೊಟ್ಟೆ ತುಂಬ ತಿನ್ನು. ಆ ಒಣಮರದ ಕೊಂಬೆಗೆ ಮಾತ್ರ ಹಾರಬೇಡ ಕಣೇ."

ಅಷ್ಟೇ. ಕೆಂಪಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಗವಿಯ ಹೊರಗೆ, ಮಂಜಿನೊಳಗಿಂದ, ಅಮ್ಮ ಅದೇ ಮಾತನ್ನು ಮತ್ತೆ ಹೇಳಿದಳು. ಈ ಸಲ ಕರಕರ ಸದ್ದೂ ಇರಲಿಲ್ಲ.

ಕೆಂಪಿಯ ಬಾಲದ ರೋಮ ನಿಮಿರಿತು. ಹೊರಗೆ ಓಡಿದಳು. ಕೊಂಬೆಯ ಮೇಲೆ ಕರಿಯ ಹಕ್ಕಿ ಕಾಜಾಣ ಉದ್ದ ಬಾಲ ಕುಣಿಸುತ್ತ ಕೂತಿದ್ದ.

"ವರ್ಷವಿಡೀ ಕಾಯೋದ್ಯಾಕಕ್ಕಾ? ನಾನು ಒಮ್ಮೆ ಕೇಳಿದರೆ ಸಾಕು. ನೀನು ಕರೆದ ಕಡೆ ಬಂದು ದಿನಕ್ಕೆ ಹತ್ತು ಸಲ ಬೇಕಾದ್ರೂ ಹೇಳ್ತೀನಿ. ಸವೆಯೋ ಮಾತೇ ಇಲ್ಲ."

"ನಿನಗೇನು ಕೊಡಬೇಕು?"

"ಏನೂ ಬೇಡ. ಆ ಬಿಲ್ಲೆ ಒಡೆದುಹಾಕು. ಗೆದ್ದಲು ತಿನ್ನೋ ತೊಗಟೆ ಇಟ್ಕೊಂಡು ಏನು ಮಾಡ್ತೀಯ? ನಂಬಿಕೆ ಇಲ್ವಾ? ಇಗೋ, ನನ್ನದನ್ನೇ ಮೊದಲು ಒಡೀತೀನಿ."

ಗವಿಗೆ ನುಗ್ಗಿ ತನ್ನ ಬಿಲ್ಲೆ ಕಚ್ಚಿ ತಂದ. ಬೇರೆಯವರ ದನಿ ಕಲಿಯುವ ಮೊದಲು ಕೊಟ್ಟ ಸ್ವಂತ ದನಿ ಅದು. ಬಂಡೆಯ ಮೇಲೆ ಬಿಟ್ಟ. ಚೂರುಚೂರಾಯಿತು.

"ಅಯ್ಯೋ ಮಂಕೇ!" ಎಂದ ಮುಳ್ಳಜ್ಜ.

"ಹೋಗಜ್ಜಾ! ನಿನ್ನ ಮುಳ್ಳಿಗೆ ಇನ್ನು ಕೆಲಸವಿಲ್ಲ ಅಂತ ಹೊಟ್ಟೆಯುರಿ ನಿಂಗೆ."

ಕೆಂಪಿಯೂ ಒಡೆದಳು. ಅಂಚು ಪುಡಿಯಾಯಿತು, ನಡುವಿನ ತುಂಡು ಉಳಿಯಿತು. ಎಸೆಯಲು ಮನಸ್ಸಾಗಲಿಲ್ಲ. ಗೂಡಿನ ಎಲೆಗಳಡಿ ಇಟ್ಟಳು.

ಕಾಜಾಣ ಕೇಳಿ ಕಲಿತಂತೆ ಒಬ್ಬೊಬ್ಬರೂ ತಮ್ಮವರ ಬಿಲ್ಲೆ ಒಡೆದರು. ತಿಂಗಳೊಳಗೆ ಗವಿ ಖಾಲಿಯಾಯಿತು. ಕಾಡೆಲ್ಲ ಸತ್ತವರ ದನಿ. ಬಿದಿರುಮೆಳೆಯಿಂದ ಯಾರೋ ಹೆಸರು ಹಿಡಿದು ಕರೆಯುವರು. ತಿರುಗಿ ನೋಡಿದರೆ ಯಾರೂ ಇಲ್ಲ.

"ಅಜ್ಜ ಹೋಗಿ ಎಂಟು ವರ್ಷ. ಈಗ ದಿನಾ ಬೆಳಗ್ಗೆ ನನ್ನ ಎಬ್ಬಿಸ್ತಾನೆ ಮಾರಾಯ್ತಿ," ಎಂದ ಕೆಂಪಿಗೆ ಒಬ್ಬ ಕಾಟಿಕೋಣ. "ಬದುಕಿದ್ದಾಗ ತಾನೇ ಬೇಗ ಎದ್ದವನಲ್ಲ."

ಬರುಬರುತ್ತ ಸತ್ತವರು ಹೊಸ ಮಾತು ಆಡತೊಡಗಿದರು. "ಆ ಪೊದೆ ತುಳಿ ಮಗಾ," ಎಂದ ಕಾಟಿಯ ಅಜ್ಜ. ಕಾಟಿ ತುಳಿದ. ಹುಳುಗಳು ಎದ್ದವು. ಏನೋ ಕಪ್ಪಗೆ ಎರಗಿ ಹೋಯಿತು. ಅಜ್ಜನ ಮಾತು ನಡೆಸಿದ ಸಂತೋಷದಲ್ಲಿ ಕಾಟಿ ಅದನ್ನು ನೋಡಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಹೇಳಿದಳು: "ಕೆಂಪೀ, ಹೊಟ್ಟೆ ತುಂಬ ತಿನ್ನು. ಆ ಒಣಮರದ ಕೊಂಬೆಗೆ ಹಾರು ಕಣೇ."

"ಅಮ್ಮಾ, ಹಾರು ಅಂದೆಯಾ?"

"ಹಾರು ಕಣೇ. ತೊಗಟೆ ಕೆದರು."

ಅದೇ ದನಿ, ಅದೇ ಅಕ್ಕರೆ. ಅಮ್ಮ ಮೊದಲಿಂದಲೂ ಹೀಗೇ ಹೇಳಿದ್ದಳೇ? ಎಷ್ಟು ಯೋಚಿಸಿದರೂ ಕೆಂಪಿಗೆ ನೆನಪಾಗಲಿಲ್ಲ. ಒಣಮರ ಹತ್ತಿದಳು. ಕೊಂಬೆಯ ಮೇಲೆ ಒಂದು ಕಾಲಿಟ್ಟಳು. ಅದು ಒಳಗೊಳಗೇ ಲಟಲಟ ಎಂದಿತು.

ಕಾಲು ಹಿಂದೆಗೆದಳು. ಗೂಡಿಗೆ ಓಡಿ, ಬಿಲ್ಲೆಯ ತುಂಡು ತೆಗೆದುಕೊಂಡು ಗವಿಗೆ ಹೋದಳು. ಮುಳ್ಳಜ್ಜ ಅದರ ಮೇಲೆ ಮುಳ್ಳು ಓಡಿಸಿದ.

ಕರಕರ. ಕರಕರ.

"...ಹಾರಬೇಡ ಕಣೇ."

ಕೆಂಪಿ ಹೊರಗೆ ಬಂದು ನೋಡಿದಳು. ಒಣಮರದ ತುದಿಯಲ್ಲಿ ಕಾಜಾಣ ಗೆದ್ದಲು ಏಳುವುದನ್ನೇ ಕಾಯುತ್ತ ಕೂತಿದ್ದ.

ಸುದ್ದಿ ಕಾಡೆಲ್ಲ ಹಬ್ಬಿತು. ಸತ್ತವರ ಮಾತಿಗೆ ಯಾರೂ ಪೊದೆ ತುಳಿಯಲಿಲ್ಲ, ಕೊಂಬೆ ಅಲುಗಿಸಲಿಲ್ಲ.

ನಾಲ್ಕನೆಯ ದಿನ ಕೆಂಪಿ ಗವಿಯಲ್ಲಿ ತನ್ನ ದನಿ ಕೊಡುತ್ತಿದ್ದಳು. ಬಾಗಿಲಲ್ಲಿ ಅಮ್ಮ ಅಳುವುದು ಕೇಳಿಸಿತು. ನೋಡಿದರೆ ಕಾಜಾಣ. ಸೊರಗಿದ್ದ.

"ಅಜ್ಜಾ, ಹುಳು ಕಷ್ಟಪಟ್ಟು ಹಿಡಿದು ತಂದರೂ ನನ್ನ ಮರಿಗಳು ಬಾಯಿ ತೆರೀತಿಲ್ಲ," ಎಂದ ಅವನು, ಕೆಂಪಿಯ ಅಮ್ಮನ ದನಿಯಲ್ಲಿ. "ನಾನು ಕರೆದರೆ ಹೆದರಿ ಮುದುರ್ಕೊಳ್ತಾವೆ. ಅಪ್ಪನ ಕೂಗು ಬೇಕಂತೆ."

"ಹಾಗಾದರೆ ಕೂಗು."

ಕಾಜಾಣ ಕೊಕ್ಕು ತೆರೆದ. ಕಾಟಿಯ ಸತ್ತ ಅಜ್ಜ ಕೆಮ್ಮಿದ. ಮತ್ತೆ ತೆರೆದ. ಎಂದೋ ಸತ್ತ ಕಡವೆ ಕರೆಯಿತು. ಮೂರನೆಯ ಸಲ ಬರೀ ಗಾಳಿ ಬಂತು.

"ನನ್ನ ದನಿ ನಂಗೇ ಮರೆತುಹೋಗಿದೆ. ನನ್ನ ಬಿಲ್ಲೆ ಹಾಕು ಅಜ್ಜಾ. ಒಮ್ಮೆ ಕೇಳಿದರೆ ಸಾಕು."

ಮುಳ್ಳಜ್ಜ ಹೊರಗಿನ ಬಂಡೆಯತ್ತ ನೋಡಿದ. ಅಲ್ಲಿ ಚೂರುಗಳೂ ಉಳಿದಿರಲಿಲ್ಲ.

"ನೀನು ಮೊದಲು ಒಡೆದದ್ದು ಅದನ್ನೇ ಅಲ್ಲವೇನಪ್ಪಾ?"

ನೀತಿ: ಕರೆದಲ್ಲಿಗೆ ಬರುವ ದನಿಯನ್ನು ಬೇಕಾದಷ್ಟು ಕೇಳಿ, ಆದರೆ ಅದನ್ನು ನಂಬಿ ನಿಮ್ಮ ಕೈಯಲ್ಲಿರುವ ಬಿಲ್ಲೆಯನ್ನು ಒಡೆಯಬೇಡಿ.