ದಣಿವಿಗೆ ನಾಲ್ಕು ಪದ

ಹೊಳೆದಂಡೆಯ ಮಠದಲ್ಲಿ ಅಡವಯ್ಯ ಎಂಬ ಮುದುಕರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಆಮೇಲೆ ಕಾವಿ ಉಟ್ಟವರು. ಎಲ್ಲರಿಗೂ ಅವರು ಅಜ್ಜಾರು.

ಅವರ ಶಿಷ್ಯೆ ನೀಲಗಂಗಾ, ಮನೆ ಬಿಟ್ಟು ಬಂದು ಮಠದಲ್ಲೇ ಇದ್ದು ಓದುತ್ತಿದ್ದಳು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಎರಡು ಸಲ ಕೂತಿದ್ದಳು. ಎರಡು ಸಲವೂ ಇಂಗ್ಲಿಷೇ ಕೈಕೊಟ್ಟಿತ್ತು. ಇದೇ ಕೊನೆ, ಆಮೇಲೆ ಓದಿನ ಮಾತು ಬೇಡ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

ಒಂದು ಮುಂಜಾನೆ ಅವಳು ಪುಸ್ತಕ ಹಿಡಿದು ಅಜ್ಜಾರ ಮುಂದೆ ಬಂದು ಕೂತಳು.

"ಅಜ್ಜಾರ, ಮೂರು ಸಾವಿರ ಪದ ಬಾಯಿಪಾಠ ಮಾಡೀನ್ರಿ. ಮುಂಜಾನೆ ಕಲ್ತದ್ದು ಸಂಜಿಗೆ ಇರಂಗಿಲ್ಲ. ನನ್ನ ತಲೀನೇ ಸರಿ ಇಲ್ಲ."

"ತಲಿ ಏನು ಮಾಡೇತಿ ಪಾಪ. ಇವತ್ತು ಯಾವ್ಯಾವು ಕಲ್ತಿ?"

"ಟಾರ್ಪರ್. ಆನ್ವೀ. ಹ್ಯಾಗರ್ಡ್. ಡಿಸ್ಪಿರಿಟೆಡ್."

"ಅರ್ಥ?"

"ದಣಿವು." ಅವಳು ಬೆರಳು ಮಡಚಿದಳು. "ದಣಿವು. ದಣಿವು. ಅದೂ ದಣಿವೇ ರೀ."

ಅಜ್ಜಾರಿಗೆ ನಗು ಬಂತು. ಈಚೆಗೆ ನಗುವುದಕ್ಕೂ ಅವರಿಗೆ ಸುಸ್ತು.

"ನಾಲ್ಕೂ ಒಂದೇ ಆಗಿದ್ರ, ನಾಲ್ಕು ಇಟ್ಕೊಳ್ಳಾಕ ಅವರಿಗೇನು ಹುಚ್ಚು ಹಿಡಿದಿತ್ತ? ಮೊದಲನೇದು ಮೈ ಮರಗಟ್ಟಿದ್ದು. ಎರಡನೇದು ಬ್ಯಾಸರ ಹತ್ತಿದ್ದು. ಮೂರನೇದು ಮಾರಿ ಮ್ಯಾಲೆ ಕಾಣೂದು. ನಾಲ್ಕನೇದು ಎದಿ ಕುಸಿದದ್ದು. ಪುಸ್ತಕ ಇಲ್ಲೇ ಇಡು. ನಾಲ್ಕಕ್ಕೂ ಒಬ್ಬೊಬ್ಬರನ್ನ ಹುಡುಕ್ಕೊಂಡು ಬಾ."

"ಹನ್ನೊಂದೇ ದಿನ ಅದಾವ್ರಿ, ಅಜ್ಜಾರ!"

"ಅದಕ್ಕ, ಲಗೂನ ಹೋಗು."

ಹುಡುಗಿ ಗೊಣಗುತ್ತ ಎದ್ದಳು. ಗೊಣಗದೆ ಎದ್ದ ಶಿಷ್ಯರನ್ನು ನಾನಂತೂ ಕಂಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದಳು.

"ಟಾರ್ಪರ್ ಸಿಕ್ತ್ರಿ. ಕಟ್ಟಿ ಮ್ಯಾಲಿನ ನಾಯಿ. ಕಾಗಿ ಬಂದು ಬಾಲ ಜಗ್ಗಿದ್ರೂ ಕಣ್ಣು ತೆರೀಲಿಲ್ಲ."

"ಆನ್ವೀ?"

"ಬಾಗಲದಾಗ ಚಪ್ಪಲಿ ಕಾಯೋ ಮಾವ. ಇವತ್ತು ಬಂದವರು ನಾಲ್ಕೇ ಮಂದಿ. ಎಡದ ಚಪ್ಪಲಿ ಬಲಕ್ಕ ಇಡ್ತಾನ, ಆಕಳಸ್ತಾನ, ಮತ್ತ ಎಡಕ್ಕ ಇಡ್ತಾನ."

"ಭೇಷ್. ಹ್ಯಾಗರ್ಡ್?"

ಅವಳು ತಲೆ ತಗ್ಗಿಸಿದಳು.

"ಸಿಟ್ಟಾಗಬ್ಯಾಡ್ರಿ. ಅದು ನೀವೇ, ಅಜ್ಜಾರ. ನಿಮ್ಮ ಕಣ್ಣು ಒಳಗ ಹೋಗ್ಯಾವ. ಮೂರು ದಿನದಿಂದ ಜ್ವರ ಐತಿ ಅಂತ ಅಡಗಿ ಮನಿಯಾಗ ಹೇಳಿದ್ರು. ನಾ ದಿನಾ ನಿಮ್ಮ ಮುಂದ ಕೂಡ್ತೀನಿ. ಒಂದು ದಿನಾನೂ ನೋಡಿಲ್ಲ."

ಅಜ್ಜಾರು ಹೊದ್ದ ಶಾಲು ಸ್ವಲ್ಪ ಬಿಗಿ ಮಾಡಿಕೊಂಡರು.

"ನಾಲ್ಕನೇದು?"

"ಅದು ಸಿಗಲಿಲ್ರಿ. ಹೊಳಿತನಕ ಹೋಗಿ ಬಂದೆ. ಎಲ್ಲಾರೂ ದಣಿದಾರ, ಖರೆ. ಎದಿ ಕುಸಿದವರು ಯಾರೂ ಕಾಣಲಿಲ್ಲ."

"ನಿನ್ನೆ ನಿಮ್ಮವ್ವ ಫೋನ್ ಮಾಡಿದ್ಲಲ್ಲ, ಏನು ಕೇಳಿದ್ಲು?"

"ಹೆಂಗದೀ ಅಂತ ಕೇಳಿದ್ಲು."

"ನೀ ಏನಂದಿ?"

"ಆರಾಮ ಅದೀನಿ ಅಂ..."

ಮಾತು ಅಲ್ಲೇ ನಿಂತಿತು. ಆಮೇಲೆ ಅವಳು ಅತ್ತೇಬಿಟ್ಟಳು, ಎರಡು ವರ್ಷದ್ದೆಲ್ಲ ಸೇರಿಸಿ, ಬಿಕ್ಕಿ ಬಿಕ್ಕಿ.

"ಭಾಳ ದಣಿದೀನ್ರಿ ಅಜ್ಜಾರ. ಈ ಸಲಾನೂ ಆಗಂಗಿಲ್ಲ ಅಂತ ಅಂಜಿಕಿ. ಪುಸ್ತಕ ತೆಗದ್ರ ಸಾಕು, ಒಳಗ ಎಲ್ಲಾ ಬಿದ್ದುಹೋದಂಗ ಆಗ್ತದ. ಯಾರಿಗೂ ಹೇಳಿಲ್ರಿ."

ಅಜ್ಜಾರು ಅವಳನ್ನು ಅಳಲು ಬಿಟ್ಟರು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು.

ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಭ್ಯಾಸಬಲ ನೋಡಿ, ಕೈ ಮತ್ತೆ ಪುಸ್ತಕಕ್ಕೇ ಹೋಯಿತು.

"ಕೊಡ್ರಿ ಅಜ್ಜಾರ. ಅರ್ಧ ದಿನ ಹೋತು. ನಾಲ್ಕೇ ಪದ ಆದ್ವು."

ಅಜ್ಜಾರು ಆ ದಪ್ಪ ಪುಸ್ತಕ ಎಳೆದು ತಲೆದಿಂಬು ಮಾಡಿಕೊಂಡರು. ಶಾಲು ಮೇಲಕ್ಕೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದರು.

"ಮೊದಲು ಅವ್ವಗ ಫೋನ್ ಹಚ್ಚು," ಎಂದರು. "ಆ ನಾಲ್ಕನೇದನ್ನ ಆಕಿಗೆ ಕನ್ನಡದಾಗ ಹೇಳು."