ಕುಂಕುಮ ಹಚ್ಚಿದ ಎಲೆಕಟ್ಟು

ಕಾಣದ ಕಡೆಯಿಂದ ನಮ್ಮನ್ನು ಕಾಯುವ ಶಿವನೇ, ನಿನ್ನ ಪಾದಕ್ಕೆ ಶರಣು. ಹೇಳುವ ನಾಲಿಗೆ ನಿನ್ನದು, ಕೇಳುವ ಕಿವಿ ನಿನ್ನದು. ನಡುವಿನ ಈ ಸಣ್ಣ ಕತೆಯನ್ನೂ ನಿನ್ನದಾಗಿಸಿಕೋ.

“ಬುದ್ಧಿ, ದೇಹವನ್ನು ಶಿವನಿಗೆ ಒಪ್ಪಿಸಿದ ಮೇಲೆ ಮತ್ತೆ ಡಾಕ್ಟರಿಗೆ ತೋರಿಸುವುದು ಅಪನಂಬಿಕೆಯಲ್ಲವೇ?”

ಕೇಳಿದವನು ಮಠದ ಅಡುಗೆಯ ಮರುಳಪ್ಪ. ಗುರುಗಳ ಮುಂದೆ ಮಾತಾಡುವವರು ವಿನಯಕ್ಕಾಗಿ ಬಾಯಿಗೆ ವಸ್ತ್ರ ಅಡ್ಡ ಹಿಡಿಯುವಂತೆ ಅವನೂ ಹೆಗಲ ಟವೆಲ್ಲನ್ನು ಅಡ್ಡ ಹಿಡಿದಿದ್ದ.

ಆ ದಿನ ಮಠದ ಅಂಗಳದಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆದಿತ್ತು. ಬೇಗ ಕಂಡುಕೊಂಡರೆ ಬೇಗ ಗುಣಪಡಿಸಬಹುದು ಎಂದು ಡಾಕ್ಟರಮ್ಮ ಎಲ್ಲರಿಗೂ ಹೇಳುತ್ತಿದ್ದರು. ಮರುಳಪ್ಪ ಇಪ್ಪತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿದವನು. ಎರಡು ತಿಂಗಳಿಂದ ಅವನ ಕೆನ್ನೆಯ ಒಳಗೊಂದು ಹುಣ್ಣು, ಮಾಯುತ್ತಿರಲಿಲ್ಲ. ಖಾರ ತಾಳದೆ ತನ್ನ ಸಾರನ್ನು ತಾನೇ ರುಚಿ ನೋಡುವುದನ್ನು ಬಿಟ್ಟಿದ್ದ. ಈ ಗುಟ್ಟು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಆ ಸಾರು ಉಂಡವರಿಗೆಲ್ಲ ಗೊತ್ತಿತ್ತು.

“ಪ್ರಶ್ನೆ ನಿನ್ನದೋ?” ಎಂದರು ಗುರುಗಳು.

“ನನ್ನದಲ್ಲ ಬುದ್ಧಿ, ಒಬ್ಬರು ಭಕ್ತರದು. ಹುಡುಕಿದರೆ ಇಲ್ಲದ್ದೂ ಸಿಗುತ್ತೆ, ಇದ್ದರೆ ಹಣೆಬರಹ ಅಂತಾರೆ ಅವರು.”

“ಹಾಗಾದರೆ ಆ ಭಕ್ತರಿಗೆ ಈ ಕತೆ ಮುಟ್ಟಿಸು,” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಎಲೆ ಮಾರುವ ಹೆಂಗಸೊಬ್ಬಳಿದ್ದಳು. ದಿನವೂ ಬೆಳಿಗ್ಗೆ ವೀಳ್ಯದೆಲೆಯ ಕಟ್ಟುಗಳನ್ನೆಲ್ಲ ಬಿಚ್ಚುವಳು. ಒಂದೊಂದೇ ಎಲೆ ತಿರುವಿ ನೋಡಿ, ಕೊಳೆಯತೊಡಗಿದ್ದನ್ನು ತೆಗೆದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಮತ್ತೆ ಕಟ್ಟುವಳು. ಕೊಳೆತ ಎಲೆ ಪಕ್ಕದ ಎಲೆಯನ್ನು ಬಿಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಗಳ ಹೆರಿಗೆ ಸುಸೂತ್ರವಾದರೆ ಹನುಮಂತನಿಗೆ ಎಲೆಯ ಹಾರ ಹಾಕಿಸುತ್ತೇನೆಂದು ಅವಳು ಹರಸಿಕೊಂಡಿದ್ದಳು. ಹೆರಿಗೆಯಾಯಿತು. ಮಂಗಳವಾರ ಒಳ್ಳೆಯ ಎಲೆಗಳನ್ನು ಆರಿಸಿ ಕಟ್ಟಿ, ಬಟ್ಟೆಗೆ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿಟ್ಟಳು. ಹಾರ ಶನಿವಾರಕ್ಕೆ.

ಬುಧವಾರ ಉಳಿದ ಕಟ್ಟುಗಳನ್ನು ಬಿಚ್ಚಿದಳು, ಅದೊಂದನ್ನು ಮುಟ್ಟಲಿಲ್ಲ. ದೇವರಿಗೆ ಒಪ್ಪಿಸಿದ್ದನ್ನು ಬಿಚ್ಚಿ ನೋಡುವುದು ಅನುಮಾನ ಎಂದುಕೊಂಡಳು. ಗುರುವಾರ ಬಟ್ಟೆಯ ಮೇಲೆ ಕಾಸಿನಗಲ ಕಂದು ಕಲೆ ಕಂಡಿತು. ಕಲೆಯ ಮೇಲೆ ಇನ್ನಷ್ಟು ಕುಂಕುಮ ಹಚ್ಚಿ ಕೈಮುಗಿದಳು. ಶುಕ್ರವಾರ ಕಲೆ ಅಂಗೈಯಗಲವಾಯಿತು. ಕುಂಕುಮವೂ ಅಂಗೈಯಗಲವಾಯಿತು.

ಶನಿವಾರ ಗುಡಿಯಲ್ಲಿ ಅರ್ಚಕರು ಕಟ್ಟು ಬಿಚ್ಚಿ ಮೂಗು ಮುಚ್ಚಿಕೊಂಡರು.

“ಏನಮ್ಮಾ, ಸ್ವಾಮಿಗೆ ಹಾರ ತಂದೆಯೋ, ಗೊಬ್ಬರ ತಂದೆಯೋ?”

ಅವಳಿಗೆ ಅಳು ಬಂತು. “ದೇವರ ಎಲೆ ಅಂತ ನಂಬಿ ಬಿಟ್ಟಿದ್ದೆ. ಅವನು ಕಾಯಬಾರದಿತ್ತೇ?”

“ಕಾಯಲೆಂದೇ ನಿನಗೆ ಹತ್ತು ಬೆರಳು ಕೊಟ್ಟಿದ್ದ. ಅವಕ್ಕೆ ರಜೆ ಕೊಟ್ಟವಳು ನೀನು. ಅದಿರಲಿ ತಾಯಿ, ನಂಬಿಕೆಗೆ ಒಂದು ಸಲದ ಕುಂಕುಮ ಸಾಕಿತ್ತಲ್ಲ? ಮತ್ತೆ ಮತ್ತೆ ಹಚ್ಚಿದ್ದು ಯಾತಕ್ಕೆ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಕಲೆ ಕಾಣದಿರಲಿ ಅಂತ” ಎಂದಳು.

ಅರ್ಚಕರು ನಕ್ಕು ಅವಳ ಎದುರಿಗೇ ಕುಳಿತರು. ಇಬ್ಬರೂ ಸೇರಿ ಎಲೆ ತಿರುವಿದರು. ನಡುವೆಲ್ಲ ಹೋಗಿತ್ತು. ಅಂಚಿನಲ್ಲಿ ನಲವತ್ತು ಎಲೆ ಹಸಿರಾಗಿ ಉಳಿದಿದ್ದವು. ಮೊಣಕಾಲಿಗೆ ಬರಬೇಕಾದ ಹಾರ ಹನುಮಂತನ ಎದೆಯವರೆಗೆ ಬಂತು. ಗುರುವಾರವೇ ಬಿಚ್ಚಿದ್ದರೆ ನಾಲ್ಕು ಎಲೆಯಲ್ಲಿ ಹೋಗುತ್ತಿತ್ತಲ್ಲ ಎಂದು ಅವಳು ಹಣೆ ಬಡಿದುಕೊಂಡಳು. ಮುಂದೆ ದೇವರ ಕಟ್ಟು ಎಂದರೆ ಎಲ್ಲಕ್ಕಿಂತ ಮೊದಲು ಅದನ್ನೇ ಬಿಚ್ಚುತ್ತಿದ್ದಳು.

ಕತೆ ಮುಗಿಯಿತು. ಮರುಳಪ್ಪ ಟವೆಲ್ಲಿನ ಹಿಂದೆಯೇ ಗೊಳ್ಳನೆ ನಕ್ಕ.

“ಒಳ್ಳೆ ಹೆಂಗಸು ಬುದ್ಧಿ! ಕಲೆ ಮುಚ್ಚೋಕೆ ಕುಂಕುಮವಂತೆ!”

ಗುರುಗಳು ಅವನನ್ನೇ ನೋಡಿದರು.

“ನಿನ್ನ ಬಾಯಿಗೆ ಅಡ್ಡ ಇರುವುದು ಟವೆಲ್ಲೋ, ಕುಂಕುಮವೋ, ಮರುಳಪ್ಪ?”

ನಗು ನಿಂತಿತು. ಟವೆಲ್ಲು ನಿಧಾನವಾಗಿ ಹೆಗಲಿಗೆ ಮರಳಿತು. ಮರುಳಪ್ಪ ಗುರುಗಳ ಪಾದ ಮುಟ್ಟಿ, ಅಂಗಳಕ್ಕಿಳಿದು ಸಾಲಿನಲ್ಲಿ ನಿಂತ. ಮುಂದೆ ಇನ್ನೂ ಏಳು ಜನರಿದ್ದರೂ ಬಾಯಿ ತೆರೆದುಕೊಂಡೇ ನಿಂತ.

ಕತೆ ಕೇಳಿದ ತಾಯಂದಿರೇ, ಅಣ್ಣಂದಿರೇ, ಶಿವ ನಿಮ್ಮನ್ನು ಹಸಿರಾಗಿಡಲಿ. ಬಿಚ್ಚಿ ನೋಡುವ ಧೈರ್ಯವನ್ನು ಕೊಡಲಿ, ನೋಡುವಾಗ ನಿಮ್ಮ ಪಕ್ಕದಲ್ಲೇ ಕುಳಿತಿರಲಿ.